ಕಲ್ಕುಡನ ಕೈ

ಕಾರ್ಕಳದ ಗೊಮ್ಮಟ ನಿಂತದ್ದು 1432ರಲ್ಲಿ, ವೇಣೂರಿನ ಗೊಮ್ಮಟ 1604ರಲ್ಲಿ. ನಡುವೆ 172 ವರ್ಷ. ತುಳುವಿನ ಕಥನಗೀತೆಯಾದ ಕಲ್ಕುಡ ಪಾಡ್ದನ ಇವೆರಡನ್ನೂ ಬೀರ ಕಲ್ಕುಡನೆಂಬ ಒಬ್ಬನೇ ಶಿಲ್ಪಿಯಿಂದ ಕಡೆಸುತ್ತದೆ. ಅವನ ಅಪ್ಪ ಶಂಭು ಕಲ್ಕುಡನನ್ನು ಶ್ರವಣಬೆಳಗೊಳದ ಕೆಲಸಕ್ಕೆ ಕಳಿಸುತ್ತದೆ. ಅಲ್ಲಿನ ಗೊಮ್ಮಟ ಹತ್ತನೆಯ ಶತಮಾನದ್ದು! ಆರುನೂರು ವರ್ಷ ಎರಡೇ ತಲೆಮಾರಿನಲ್ಲಿ ಮುಗಿಯಿತು. ಹಾಗೆಂದು ಪಾಡ್ದನ ಲೆಕ್ಕ ತಪ್ಪಿತೆಂದರೆ ನಾನು ಒಪ್ಪುವುದಿಲ್ಲ. ಮೂರ್ತಿ ಮಾಡಿಸಿದವರನ್ನು ಶಾಸನಗಳು ನೆನಪಿಟ್ಟಿವೆ: ಕಾರ್ಕಳದಲ್ಲಿ ವೀರಪಾಂಡ್ಯ, ವೇಣೂರಿನಲ್ಲಿ ತಿಮ್ಮಣ್ಣ ಅಜಿಲ. ಉಳಿ ಹಿಡಿದವರ ಸಾಲನ್ನು ನೆನಪಿಡಲು ಪಾಡ್ದನ ಅವರನ್ನೆಲ್ಲ ಒಂದೇ ಮನೆಯವರನ್ನಾಗಿ ಮಾಡಿತು.

ಇಂಥ ಮೂರ್ತಿ ಇನ್ನೊಂದು ಊರಿನಲ್ಲಿ ಏಳಬಾರದೆಂದು ಕಾರ್ಕಳದ ಅರಸ ಬೀರನ ಎಡಗೈ, ಬಲಗಾಲು ಕಡಿಸುತ್ತಾನೆ. ಉಳಿದ ಕೈಯಲ್ಲೇ ಅವನು ವೇಣೂರಿನ ಕೆಲಸ ಮುಗಿಸುತ್ತಾನೆ. ಶಿಲ್ಪಿ ಜಕಣಾಚಾರಿಯ ಕಥೆಯನ್ನು ಇದರ ಪಕ್ಕಕ್ಕಿಟ್ಟು ನೋಡಿ. ಕಲ್ಕುಡರ ಕಥೆಯಂತೆ ಅಲ್ಲೂ ಅಪ್ಪನ ಕೆತ್ತನೆಯಲ್ಲಿ ಮಗ ಕುಂದು ಹಿಡಿಯುತ್ತಾನೆ, ಅಲ್ಲೂ ಕೈ ಹೋಗುತ್ತದೆ. ಆದರೆ ಜಕಣಾಚಾರಿ ತನ್ನ ಕೈಯನ್ನು ತಾನೇ ಕಡಿದುಕೊಂಡವನು. ಕೈದಾಳದಲ್ಲಿ ದೇವರು ಅದನ್ನು ಮರಳಿ ಕೊಟ್ಟು ಎಲ್ಲವನ್ನೂ ಸರಿಮಾಡುತ್ತಾನೆ. ಕಲ್ಕುಡನ ಕೈ ಮತ್ತೆ ಬರುವುದಿಲ್ಲ, ಕಡಿಸಿದವನು ಯಾರೆಂಬುದನ್ನೂ ಪಾಡ್ದನ ಮುಚ್ಚಿಡುವುದಿಲ್ಲ. ಕಥನವಾಗಿ ನನಗೆ ಇದೇ ಹೆಚ್ಚು ಗಟ್ಟಿ.

ತಾಜ್‌ಮಹಲ್ ಕಟ್ಟಿದವರ ಕೈ ಕಡಿಸಿದರೆಂಬ ದಂತಕಥೆ ಕೈ ಕಡಿಯುವಲ್ಲಿಗೇ ನಿಂತುಬಿಡುತ್ತದೆ. ಕೇಳಿದವರು ಅಯ್ಯೋ ಎಂದು ಎದ್ದು ಹೋಗಬಹುದು. ಪಾಡ್ದನಕ್ಕೆ ಅದು ಅರ್ಧ ದಾರಿ ಮಾತ್ರ. ಬೀರನ ಅವಳಿ ಸೋದರಿ ಕಲ್ಲುರ್ಟಿ ಅಣ್ಣನನ್ನು ಹುಡುಕಿಕೊಂಡು ಬರುತ್ತಾಳೆ, ಅವನ ಸ್ಥಿತಿ ಕಂಡು ಕೆರಳುತ್ತಾಳೆ. ಇಬ್ಬರೂ ಮಾಯವಾಗಿ ದೈವಗಳಾಗುತ್ತಾರೆ, ಅರಸನನ್ನು ಕಾಡುತ್ತಾರೆ. ಅನ್ಯಾಯವನ್ನು ಹೇಳಿ ಮುಗಿಸದೆ ಅದಕ್ಕೆ ಉತ್ತರ ಕೇಳುವವಳೊಬ್ಬಳನ್ನು ಹುಟ್ಟಿಸುವುದು ಈ ಕಥನದ ದೊಡ್ಡ ಶಕ್ತಿ.

ಅದರ ಇನ್ನೊಂದು ಗುಣ ಕಾಗದದ ಮೇಲೆ ಕಾಣುವುದಿಲ್ಲ. 1886ರಲ್ಲೇ ಮಿಷನರಿ ಮ್ಯಾನರ್ ಮಂಗಳೂರಿನಲ್ಲಿ ಪಾಡ್ದನಗಳನ್ನು ಅಚ್ಚು ಹಾಕಿಸಿದ್ದರು. ಆದರೆ ಹೆಂಗಸರು ಗದ್ದೆಯಲ್ಲಿ ನೇಜಿ ನೆಡುತ್ತ ಹಾಡುವಾಗ ದೈವದ ಕಥೆ ಯಾರದೋ ಕಥೆ. ದೈವಾರಾಧನೆಯ ಕೋಲದಲ್ಲಿ, ಮುಖಕ್ಕೆ ಬಣ್ಣ ಏರುತ್ತಿರುವಾಗ, ತೆಂಬರೆ ವಾದ್ಯದ ಬಡಿತದ ಜೊತೆ ಅದೇ ಕಥೆ ಸಾಗುತ್ತದೆ. ಮುಂದೆ ಒಂದು ಗಳಿಗೆಯಲ್ಲಿ ‘ಅವನು’ ಎಂಬುದು ‘ನಾನು’ ಆಗುತ್ತದೆ. ಅಚ್ಚಿನಲ್ಲಿ ಓದಿದವರಿಗೆ ಇದು ವ್ಯಾಕರಣದ ತೊಡಕೆನಿಸೀತು. ಅಂಗಳದಲ್ಲಿ ಕೂತವರಿಗೆ, ಕಥೆಯೊಳಗಿದ್ದವನು ಎದುರಿಗೆ ಬಂದು ನಿಂತು ಮಾತಾಡಿದ ಗಳಿಗೆ ಅದು.

ಕಾರ್ಕಳದ ಗೊಮ್ಮಟನ ಬೆಟ್ಟ ಹತ್ತಿ ಬರುವವರಿಗೆ ನಾವು ಸಾಮಾನ್ಯವಾಗಿ ಅರಸನ ಕ್ರೌರ್ಯದವರೆಗೆ ಹೇಳಿ ನಿಲ್ಲಿಸುತ್ತೇವೆ. ಸುಮಾರು 42 ಅಡಿಯ ಆ ಕಲ್ಲಿನ ಬುಡದಲ್ಲಿ ನಿಂತು ಕಥೆ ಹೇಳುವವರು ದಯವಿಟ್ಟು ಕಲ್ಲುರ್ಟಿ ಬರುವವರೆಗೂ ಹೇಳಿ.