ಗಾಜಿನ ಮಣಿಯೊಳಗಿನ ಕಾಡ್ ಮೀನು

ಅಟ್ಲಾಂಟಿಕ್ ಕಾಡ್ ಮೀನಿನ ಮೊಟ್ಟೆ ಸಾಸಿವೆ ಕಾಳಿನಷ್ಟು. ಅಡ್ಡಳತೆ ಸುಮಾರು 1.4 ಮಿಲಿಮೀಟರ್, ಗಾಜಿನ ಮಣಿಯಂತೆ ಪಾರದರ್ಶಕ. ಬ್ಯಾರೆಂಟ್ಸ್ ಸಮುದ್ರದಿಂದ ಈಜಿ ಬಂದ ಮೀನುಗಳು ನಾರ್ವೆಯ ಲೋಫೋಟೆನ್ ದ್ವೀಪಗಳ ಬಳಿ ಮಾರ್ಚ್, ಏಪ್ರಿಲ್‌ನಲ್ಲಿ ಮೊಟ್ಟೆಯಿಡುತ್ತವೆ. ಆ ಮೊಟ್ಟೆಗಳು ತಳ ಸೇರದೆ ತೇಲುತ್ತವೆ ಎಂಬುದನ್ನು 1860ರ ದಶಕದಲ್ಲಿ ವಿಜ್ಞಾನಿ ಜಿ. ಓ. ಸಾರ್ಸ್ ಅಲ್ಲಿಯೇ ಕಂಡುಕೊಂಡರು. ಹಲವು ಮೀನುಗಳ ಮೊಟ್ಟೆಯಲ್ಲಿರುವ ಎಣ್ಣೆಹನಿ ಇದರಲ್ಲಿಲ್ಲ. ತಾಯಿಯ ಒಡಲಲ್ಲೇ ಹೀರಿಕೊಂಡ, ಕಡಲಿಗಿಂತ ಉಪ್ಪು ಕಡಿಮೆಯಿರುವ ನೀರೇ ತೇಲಿಸುತ್ತದೆ. ಎಂಥ ಅಗ್ಗದ, ಎಂಥ ಜಾಣ ಏರ್ಪಾಡು!

ಮೊಟ್ಟೆಯ ಒಂದು ತುದಿಯಲ್ಲಿ ಕೋಶ ಎರಡಾಗಿ, ನಾಲ್ಕಾಗಿ, ಎಂಟಾಗಿ ಒಡೆಯುತ್ತದೆ. ಕೋಶಗಳ ಟೋಪಿ ಹಳದಿ ಭಾಗದ ಮೇಲೆ ಮೆಲ್ಲಗೆ ಜಾರಿ ಅದನ್ನು ಪೂರ್ತಿ ಮುಚ್ಚುತ್ತದೆ. ಆ ನಡುವೆಯೇ ಬೆನ್ನಿನ ಗೆರೆ ಮೂಡುತ್ತದೆ. ಆಮೇಲೆ ಕಣ್ಣಿನ ಗುಬುಟು, ಸುತ್ತಿಕೊಂಡ ಬಾಲ, ಮಿಡಿಯುವ ಹೃದಯ. ಸೂಕ್ಷ್ಮದರ್ಶಕದಡಿ ಇಷ್ಟೂ ಸಿಪ್ಪೆ ಸುಲಿಯದೆಯೇ ಕಾಣುತ್ತದೆ.

ತಣ್ಣೀರಿನಲ್ಲಿ ಅವಸರವಿಲ್ಲ: 5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡರಿಂದ ಮೂರು ವಾರ. ಕಿಣ್ವ ಸಿಪ್ಪೆಯನ್ನು ಸವೆಸಿದ ಮೇಲೆ ನಾಲ್ಕೈದು ಮಿಲಿಮೀಟರಿನ ಮರಿ ಹೊರಬರುತ್ತದೆ. ಹೊಟ್ಟೆಯಡಿ ಹಳದಿಯ ಬುತ್ತಿ, ಬಾಲದ ಮೇಲೆ ಎರಡು ಕಪ್ಪು ಪಟ್ಟೆ. ಬುತ್ತಿ ಮುಗಿಯುವುದರೊಳಗೆ ಬಾಯಿ ತೆರೆದು ಕೋಪೆಪಾಡ್ ಎಂಬ ಪುಟ್ಟ ಕಡಲಜೀವಿಗಳ ಮರಿಗಳನ್ನು ಹಿಡಿಯಲು ಕಲಿಯಬೇಕು. ತುಸು ಈಜಿ, ನಿಂತು, ಕಣ್ಣಾಡಿಸಿ, ಮತ್ತೆ ಈಜುವುದು ಅದರ ಬೇಟೆಯ ವರಸೆ.

ಮೈ ಸುತ್ತಲಿನ ಒಂದೇ ರೆಕ್ಕೆಯಂಚು ಕ್ರಮೇಣ ಬೆನ್ನಿಗೆ ಮೂರು, ಹೊಟ್ಟೆಯಡಿಗೆ ಎರಡು ಈಜುರೆಕ್ಕೆಗಳಾಗಿ ಬೇರ್ಪಡುತ್ತದೆ. ಗದ್ದಕ್ಕೆ ಒಂಟಿ ಮೀಸೆ ಬರುತ್ತದೆ. ಹೊಳೆಯಂತೆ ಹರಿಯುವ ಕಡಲ ಪ್ರವಾಹ ಅಷ್ಟರಲ್ಲಿ ಮರಿಯನ್ನು ಉತ್ತರಕ್ಕೆ, ಬ್ಯಾರೆಂಟ್ಸ್ ಸಮುದ್ರದತ್ತ ಒಯ್ದಿರುತ್ತದೆ. ಶರತ್ಕಾಲದ ಹೊತ್ತಿಗೆ ಅದು ತಳಕ್ಕಿಳಿಯುತ್ತದೆ.