ಅವ್ವನ ಫೋಟೊ ಇರುವ ಕಾರ್ಡು

ಮಾತು ತಡವಾದ ಮಕ್ಕಳಿಗೆ ಚಿತ್ರ ತೋರಿಸಿ ದಿನಚರಿ ತಿಳಿಸುವುದು ಹೊಸದಲ್ಲ. ಮಗು ಚಿತ್ರ ಕೊಟ್ಟು ಬೇಕಾದ್ದನ್ನು ಕೇಳುವ ‘ಪೆಕ್ಸ್’ ವಿಧಾನವನ್ನು ಆಂಡಿ ಬಾಂಡಿ, ಲೋರಿ ಫ್ರಾಸ್ಟ್ 1985ರಲ್ಲಿ ಅಮೆರಿಕದಲ್ಲಿ ರೂಪಿಸಿದರು. ಆದರೆ ಅಚ್ಚಾಗಿ ಬರುವ ಎಷ್ಟೋ ಕಾರ್ಡುಗಳಲ್ಲಿ ತಿಂಡಿಯೆಂದರೆ ಬ್ರೆಡ್ಡು, ಸ್ನಾನವೆಂದರೆ ಬಾತ್‌ಟಬ್ಬು! ತೋರಣಗಲ್ಲು ಪಕ್ಕದ ಕುರೆಕುಪ್ಪದ ಕೂಸಿಗೆ ಅದು ಯಾವ ಲೋಕ?

ನನ್ನ ಮೆಚ್ಚುಗೆ ಮನೆಯಲ್ಲೇ ಮಾಡಿದ ಕಾರ್ಡಿಗೆ. ಮೊಬೈಲಿನಲ್ಲಿ ತೆಗೆದ ಫೋಟೊ, ಒಂದಿಷ್ಟು ರಟ್ಟು, ಹಿಂದೆ ವೆಲ್ಕ್ರೊ ಪಟ್ಟಿ, ಇಷ್ಟೇ ಸಾಮಾನು. ಜಾಣತನವೆಲ್ಲ ಫೋಟೊ ತೆಗೆಯುವುದರಲ್ಲಿದೆ. ಲೋಟವೆಂದರೆ ಅಂಚು ನೆಗ್ಗಿದ ಅದೇ ಸ್ಟೀಲ್ ಲೋಟ, ಹಿಂದೆ ಬರೀ ಗೋಡೆ. ಪಕ್ಕದಲ್ಲಿ ಬೆಕ್ಕು ಕೂತಿತೋ, ಮಗುವಿನ ಕಣ್ಣು ಬೆಕ್ಕಿನ ಮೇಲೆಯೇ. ತಿಂಡಿಗೆ ತಟ್ಟೆಯಲ್ಲಿ ಒಗ್ಗರಣಿ, ಮಿರ್ಚಿ. ಪ್ರಯಾಣಕ್ಕೆ ತೋರಣಗಲ್ಲು ರೈಲು ನಿಲ್ದಾಣದ ಬೋರ್ಡು. ‘ಡ್ಯೂಟಿ’ ಎನ್ನಲು ಹೆಲ್ಮೆಟ್ ಹಾಕಿದ ಅಪ್ಪನೇ. ಕುರೆಕುಪ್ಪ ಉಕ್ಕಿನ ಕಾರ್ಖಾನೆಯ ಮಗ್ಗುಲಿನ ಊರಲ್ಲವೇ.

ಒಂದು ತೊಡಕುಂಟು: ಅವ್ವ ಸೀರೆ ಬದಲಿಸಿದರೆ ಕೆಲವು ಮಕ್ಕಳು ಕಾರ್ಡಿನ ಫೋಟೊದಲ್ಲಿರುವ ಅವ್ವನ ಗುರುತು ಹಿಡಿಯುವುದಿಲ್ಲ. ಅಂಥವರಿಗೆ ಎರಡು ಮೂರು ಫೋಟೊ ಬೇಕು. ಮೂಲೆ ಸವೆದು, ಎಣ್ಣೆ ಬೆರಳು ಮೂಡಿದ ಕಾರ್ಡು ಕಂಡರೆ ತಿಳಿಯಿರಿ, ಅದು ದಿನಾ ಆ ಪುಟ್ಟ ಕೈಗೆ ಬರುತ್ತಿದೆ.