ಹಳೆಯ ವಿದ್ಯುತ್ ಕಾರು: ಆರ್‌.ಸಿ.ಯಲ್ಲಿ ಕಾಣದ ಕಲೆ

ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ಬಂದ ಊರು ಕೆ.ಜಿ.ಎಫ್. ಅಲ್ಲಿಗೋ ಬಂಗಾರಪೇಟೆಗೋ ಬೆಂಗಳೂರಿನಿಂದ ಅಗ್ಗದ ಹಳೆಯ ವಿದ್ಯುತ್ ಕಾರೊಂದನ್ನು ತರುವ ಯೋಚನೆ ನಿಮಗಿದೆಯೇ? ‘ಆರ್‌.ಸಿ. ಸರಿಯಿದ್ದರೆ ಸಾಕು’ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ.

ಅಮೆರಿಕದಲ್ಲಿ ವಿಮಾ ಕಂಪನಿ ‘ಪೂರ್ಣ ನಷ್ಟ’ ಎಂದು ಕೈಬಿಟ್ಟ ಕಾರಿನ ಒಡೆತನ ಪತ್ರಕ್ಕೆ ‘ಸ್ಯಾಲ್ವೇಜ್’ ಎಂಬ ಮುದ್ರೆ ಬೀಳುತ್ತದೆ. ನಮ್ಮಲ್ಲಿಯೂ ದುರಸ್ತಿ ವೆಚ್ಚ ವಿಮಾ ಮೌಲ್ಯದ ಶೇ. 75 ದಾಟಿದರೆ ಪೂರ್ಣ ನಷ್ಟವೆಂದು ಎಣಿಸುವ ಪದ್ಧತಿಯಿದೆ. ಆದರೆ ಆ ಕಾರು ರಿಪೇರಿಯಾಗಿ ಮತ್ತೆ ಮಾರಾಟಕ್ಕೆ ಬಂದಾಗ ಆರ್‌.ಸಿ.ಯಲ್ಲಿ ಅಂಥ ಗುರುತಿರುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಸುತ್ತಮುತ್ತ ಮುಳುಗಿದ ಕಾರುಗಳನ್ನು ನೆನೆಯಿರಿ.

2001ರ ರೇವಾ ಕಾಲದ ಧೈರ್ಯ ಇಲ್ಲಿ ನಡೆಯದು. ಅದರದು 48 ವೋಲ್ಟಿನ ಸೀಸ-ಆಮ್ಲ ಬ್ಯಾಟರಿ; ಕೆಟ್ಟದ್ದನ್ನು ಬದಲಿಸಬಹುದಿತ್ತು. ಇಂದಿನ ಹಲವು ಕಾರುಗಳ ಲಿಥಿಯಂ ಕೋಶಪೆಟ್ಟಿಗೆ 300 ವೋಲ್ಟ್ ಮೀರುತ್ತದೆ. ಅದರೊಳಗೆ ಹೊಕ್ಕ ನೀರಿನ ಲವಣಗಳು ಲೋಹದ ಸಂಪರ್ಕಗಳನ್ನು ನಿಧಾನವಾಗಿ ತಿನ್ನುತ್ತವೆ. ಫ್ಲಾರಿಡಾದಲ್ಲಿ 2022ರ ಇಯಾನ್ ಚಂಡಮಾರುತದ ನಂತರ, ಉಪ್ಪುನೀರಿನಲ್ಲಿ ಮುಳುಗಿದ್ದ ಕೆಲವು ವಿದ್ಯುತ್ ಕಾರುಗಳು ದಿನಗಳು ಕಳೆದ ಮೇಲೆ ಹೊತ್ತಿಕೊಂಡವು. ಕೆರೆಯ ನೀರು ಸಮುದ್ರದಷ್ಟು ಒಳ್ಳೆಯ ವಾಹಕವಲ್ಲ, ನಿಜ; ಚರಂಡಿ ಸೇರಿದ ಕೆರೆಯ ನೀರು ಶುದ್ಧ ನೀರೂ ಅಲ್ಲ.

ಒಂದು ಸುತ್ತು ಓಡಿಸಿ ನೋಡುವುದು ಪರೀಕ್ಷೆಯಲ್ಲ. ಕೋಶಪೆಟ್ಟಿಗೆಗೂ ಕಾರಿನ ಮೈಗೂ ನಡುವಿನ ಅವಾಹಕ ರೋಧವನ್ನು ಅಳೆಸಿ. ವೋಲ್ಟಿಗೆ 500 ಓಮ್ ಇದ್ದರೆ ಸೋರುವ ವಿದ್ಯುತ್ಪ್ರವಾಹ 2 ಮಿಲಿಆಂಪಿಯರ್ ಮೀರದು. ಓಮನ ನಿಯಮದಿಂದ ವಿದ್ಯಾರ್ಥಿಗಳೇ ಲೆಕ್ಕ ಹಾಕಬಹುದು. 320 ವೋಲ್ಟಿಗೆ 1,60,000 ಓಮ್ ಆಯಿತು. ಅಳತೆ ಮಾತ್ರ ತರಬೇತಿ ಪಡೆದವರ ಕೆಲಸ. ಶಾಲೆಯ ಮಲ್ಟಿಮೀಟರ್ ಹಿಡಿದು ಹೋಗಬೇಡಿ.

ಹಿಂದೆ ಪಡೆದ ವಿಮಾ ಪರಿಹಾರದ ವಿವರವನ್ನು ಲಿಖಿತವಾಗಿ ಕೊಡಲೊಪ್ಪದವರಿಂದ ನಾನಾದರೆ ಅರ್ಧ ಬೆಲೆಗೂ ಕೊಳ್ಳಲಾರೆ.